ಪಡುವಣದ ಬಟ್ಟಲು

“ಹೆಣದ ಹಾಗೆ ಮಲಗಿ ಅಂದ್ರೆ ಹ್ಯಾಗೆ ಮಲಗ್ಲಿ ಸ್ವಾಮಿ?” ಎಂದು ದಫೇದಾರ್ ಸಿದ್ದಬಸಪ್ಪ ನೆಲದ ಮೇಲೆ ಎಳೆದ ಸುಣ್ಣದ ವೃತ್ತದ ಗೆರೆಯ ಆಚೆಯೇ ನಿಂತು ಕೇಳಿದರು. “ನಮ್ಮಲ್ಲಿ ಹೆಣ ಮಲಗ್ಸಲ್ಲ. ಕೂರಿಸ್ತಾರೆ.”

ಇಪ್ಪತ್ತೆಂಟು ವರ್ಷ ಪೊಲೀಸ್ ಕೆಲಸ ಮಾಡಿದವರು. ಹೊಳೆಯಲ್ಲಿ ಉಬ್ಬಿದ ಹೆಣಗಳನ್ನು ಕೈಯಾರೆ ಎಳೆದು ದಡಕ್ಕೆ ಹಾಕಿದವರು. ಅಂಥವರೂ ಆ ಸುಣ್ಣದ ಗೆರೆ ದಾಟದಿರಲು ನೂರು ನೆಪ ಹುಡುಕುತ್ತಿದ್ದರು.

ಕಾಫಿ ಎಸ್ಟೇಟಿನ ಒಡೆಯ ಆಷ್‌ಬಿ ದೊರೆ ಈ ಅಟ್ಟದಲ್ಲಿ ಸತ್ತು ಹನ್ನೆರಡು ದಿನವಾಗಿತ್ತು. ಕೊಂದವನೆಂದು ಎಸ್ಟೇಟ್ ರೈಟರ್ ಚನ್ನಕೇಶವ ನಮ್ಮ ಲಾಕಪ್ಪಿನಲ್ಲಿದ್ದ. ನಾಳೆ ಮಧ್ಯಾಹ್ನ ಅವನನ್ನು ಶಿವಮೊಗ್ಗಕ್ಕೆ ಸಾಗಿಸಬೇಕಿತ್ತು, ಅಲ್ಲಿಂದ ಮುಂದಿನದು ನೇಣಿನ ದಾರಿ.

“ಹೇಗಾದರೂ ಮಲಗಿ. ಮಹಜರಿನಲ್ಲಿ ಬರೆದ ಹಾಗೆ ನಾನು ತಿರುಗಿಸ್ತೇನೆ,” ಎಂದೆ.

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಭೂತಯ್ಯ ಕೆಮ್ಮಿದ. ದೊರೆಯ ಹೆಣವನ್ನು ಮೊದಲು ಕಂಡವನು ಅವನೇ. ಅವನೂ ಹನ್ನೆರಡು ದಿನದಿಂದ ಒಂದೇ ಮಾತು ಹೇಳುತ್ತಿದ್ದ. “ನಾವ್ಯಾರೂ ಮುಟ್ಲಿಲ್ಲ ಸಾಹೇಬ್ರೆ. ಆ ಗೆರೆ ಒಳಗೆ ಕಾಲಿಡೋಕೆ ನಮಗೇನು ಹುಚ್ಚೇ? ಇಲ್ಲೇ ನಿಂತು ನೋಡ್ದೆ, ಸೈಕಲ್ ಹತ್ತಿ ಸ್ಟೇಷನ್ನಿಗೆ ಬಂದೆ.”

ಚಿಕ್ಕಮಗಳೂರಿನಲ್ಲಿ ಇದನ್ನು ಮಾಟ ಎನ್ನುತ್ತಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು. ರೈಟರ್ ದೊರೆಯಿಂದ ಮಂತ್ರ ಕಲಿತ, ಕಲಿತ ಮಂತ್ರವನ್ನು ದೊರೆಯ ಮೇಲೇ ತಿರುಗಿಸಿದ, ಮುಗಿಯಿತು. ಡಾಕ್ಟರರ ವರದಿ ಬೇರೆ ಹೇಳುತ್ತಿತ್ತು. ದೊರೆಯ ಹೊಟ್ಟೆಯಲ್ಲಿ ಕ್ಲೋರಲ್ ಎಂಬ ನಿದ್ರೆಯ ಔಷಧಿ ಸಿಕ್ಕಿತ್ತು, ಒಂದು ಎತ್ತನ್ನು ಮಲಗಿಸುವಷ್ಟು. ಊರಿನಿಂದ ದೊರೆಗೆ ಟಪಾಲು, ಔಷಧಿ ತರುತ್ತಿದ್ದವನು ಚನ್ನಕೇಶವ. ದೊರೆ ಸತ್ತ ಸುದ್ದಿ ಕೇಳಿ ಕಳಸದ ಕಡೆ ಓಡಿಹೋದವನೂ ಅವನೇ. ನಮ್ಮ ಸೂಪರಿಂಟೆಂಡೆಂಟರಿಗೆ ಅಷ್ಟು ಸಾಕಾಗಿತ್ತು.

ನನಗೂ ಸಾಕಾಗಿತ್ತು, ನಿಜ ಹೇಳಬೇಕೆಂದರೆ. ಅಕ್ಟೋಬರಿನಲ್ಲಿ ನನ್ನ ಹೆಂಡತಿ ಮಹಮೂದಾ ತೀರಿಕೊಂಡ ಮೇಲೆ ನನಗೆ ಬಹಳಷ್ಟು ವಿಷಯಗಳು ಬೇಗ ಸಾಕಾಗುತ್ತಿದ್ದವು. ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಬೆಳಗಿನ ನಮಾಜು ಮುಗಿಸಿ ಖಬರಸ್ತಾನದ ಕಡೆ ನಡೆಯುತ್ತಿದ್ದೆ, ಎಂಟೋ ಒಂಬತ್ತೋ ಗಂಟೆಗೆ ಮನೆಯ ಜಗುಲಿಯ ಮೇಲೆ ಕೂತಿರುತ್ತಿದ್ದೆ. ನಡುವಿನದು ಸರಿಯಾಗಿ ನೆನಪಿರುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಗುಲಾಮ್ ಮುಸ್ತಫಾ ಸಾಹೇಬರು ದುಃಖವನ್ನು ಎಷ್ಟು ಗಟ್ಟಿಯಾಗಿ ನುಂಗಿಕೊಂಡಿದ್ದಾರೆ ಎಂದು ಜನ ಹೊಗಳುತ್ತಿದ್ದರು. ನುಂಗಲು ಬಾಯಲ್ಲಿ ಏನಾದರೂ ಇರಬೇಕಲ್ಲ.

ಇವತ್ತು ಬೆಳಿಗ್ಗೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಚನ್ನಕೇಶವನ ತಾಯಿ ನಂಜಮ್ಮ ಎಂದಿನಂತೆ ಮಗನಿಗೆ ಊಟದ ಡಬ್ಬಿ ಹಿಡಿದು ಕೂತಿದ್ದರು. ನನ್ನನ್ನು ಕಂಡು ಎದ್ದರು. “ಸಾಹೇಬ್ರೆ, ನಾಳೆ ಕರ್ಕೊಂಡು ಹೋಗ್ತಾರಂತೆ. ಶಿವಮೊಗ್ಗದಲ್ಲಿ ಊಟ ಯಾರು ಕೊಡ್ತಾರೆ?” ಎಂದು ಕೇಳಿದರು.

ಬೇರೇನೂ ಕೇಳಲಿಲ್ಲ. ನಾನು ಒಳಗೆ ಹೋಗಿ, ನಾನೇ ಬರೆಸಿದ ಮಹಜರನ್ನು ತೆಗೆದು ಹನ್ನೆರಡು ದಿನದಲ್ಲಿ ಮೊದಲ ಸಲ ಓದಿದೆ. ಓದಿದ ಮೇಲೆ ಮಲ್ಲಂದೂರು ರಸ್ತೆಯಲ್ಲಿ ಮೂರು ಮೈಲಿ ನಡೆದು ಇಲ್ಲಿಗೆ ಬಂದೆ.

ಅಟ್ಟವೆಂದರೆ ಹಳೆಯ ಕಾಫಿ ಉಗ್ರಾಣದ ಮೇಲಿನ ಉದ್ದ ಕೋಣೆ. ಕಿಟಕಿಯಿಂದ ಬಾಬಾಬುಡನ್‌ಗಿರಿಯ ಸಾಲು ಕಾಣುತ್ತಿತ್ತು. ಗೋಡೆಯ ಮೇಲೆ ಹತ್ತು ಬಣ್ಣದ ಉರುಟುಗಳು, ಅವನ್ನು ಕೂಡಿಸುವ ಇಪ್ಪತ್ತೆರಡು ಗೆರೆಗಳು. ಇದು ಯೆಹೂದ್ಯರ ಪುರಾತನ ವಿದ್ಯೆಯಾದ ಕಬಾಲಾದ ಜೀವವೃಕ್ಷ ಎಂದು ಚನ್ನಕೇಶವ ನನಗೆ ಹೇಳಿದ್ದ. ಬೇರು ಮೇಲೆ, ಕೊನೆಯ ಹಣ್ಣು ಕೆಳಗೆ, ಆ ಕೆಳಗಿನದೇ ನಮ್ಮ ಭೂಮಿ. ದೊರೆ ಯೆಹೂದ್ಯನೇನೂ ಅಲ್ಲ. ಯುದ್ಧದಲ್ಲಿ ಒಬ್ಬನೇ ಮಗನನ್ನು ಕಳಕೊಂಡಿದ್ದ ಮುದುಕ. ಲಂಡನ್ನಿನ ಯಾವುದೋ ಸಂಘದವರು ತಿಂಗಳಿಗೊಂದು ಪಾಠವನ್ನು ಟೈಪು ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದರು. ಚನ್ನಕೇಶವ ಅದರ ನಕಲು ಮಾಡುತ್ತ ಮಾಡುತ್ತ ತಾನೂ ಶಿಷ್ಯನಾದ.

ಪಾಠದ ಪ್ರಕಾರ ಸೂರ್ಯ ಹುಟ್ಟುವಾಗ ವೃತ್ತದ ನಾಲ್ಕು ದಿಕ್ಕಿಗೆ ನಾಲ್ಕು ದೇವದೂತರನ್ನು ಕರೆಯಬೇಕು. ಪೂರ್ವಕ್ಕೆ ರಫಾಯೆಲ್, ಅವನಿಗೊಂದು ಚೂರಿ. ದಕ್ಷಿಣಕ್ಕೆ ಮಿಕಾಯೆಲ್, ಅವನಿಗೊಂದು ಕೋಲು. ಪಶ್ಚಿಮಕ್ಕೆ ಗೇಬ್ರಿಯೆಲ್, ಅವನ ಮುಂದೆ ನೀರಿನ ಬಟ್ಟಲು. ಉತ್ತರಕ್ಕೆ ಉರಿಯೆಲ್, ಒಂದು ಮಣ್ಣಿನ ಬಿಲ್ಲೆ. ಮಿಕಾಯೆಲ್ ನಮ್ಮ ಮೀಕಾಯಿಲ್, ಗೇಬ್ರಿಯೆಲ್ ನಮ್ಮ ಜಿಬ್ರಾಯಿಲ್. ಗುರುತಿನವರೇ. ಕೊನೆಯಲ್ಲಿ ಪಶ್ಚಿಮದ ಬಟ್ಟಲಿನ ನೀರನ್ನು ದೊರೆ ಕುಡಿಯುತ್ತಿದ್ದ. ಆ ನೀರಿನಲ್ಲೇ ಕ್ಲೋರಲ್ ಇತ್ತು.

ಚನ್ನಕೇಶವನದು ಒಂದೇ ಮಾತು. ಹಿಂದಿನ ದಿನ ದೊರೆಯೊಂದಿಗೆ ಜಗಳವಾಗಿತ್ತು, ಆ ಬೆಳಿಗ್ಗೆ ತಾನು ಅಟ್ಟ ಹತ್ತಲೇ ಇಲ್ಲ, ಮನೆಯಲ್ಲಿದ್ದೆ. ಸಾಕ್ಷಿ ಯಾರು? ತಾಯಿ. ತಾಯಿಯ ಸಾಕ್ಷಿ ಯಾವ ಕೋರ್ಟಿನಲ್ಲಿ ನಡೆಯುತ್ತದೆ?

ಸಿದ್ದಬಸಪ್ಪ ಕೊನೆಗೂ ಮಲಗಿದರು, ಅಂಗಾತ. ನಾನು ಮಹಜರು ಓದಿದೆ. “ತಲೆ ಉತ್ತರಕ್ಕೆ. ಬಲಮಗ್ಗುಲು. ಮುಖ ಪಶ್ಚಿಮಕ್ಕೆ. ಬೆನ್ನ ಹಿಂದೆ ಹೊಟ್ಟು ಸುಲಿಯದ ಪಾರ್ಚ್‌ಮೆಂಟ್ ಕಾಫಿ ಬೀಜ ತುಂಬಿದ ಒಂದು ಸಣ್ಣ ಸ್ಯಾಂಪಲ್ ಚೀಲ.”

ದಫೇದಾರರನ್ನು ಹಾಗೇ ತಿರುಗಿಸಿ, ನನ್ನ ಟೋಪಿಯನ್ನು ಬೆನ್ನಿಗೆ ಒತ್ತು ಕೊಟ್ಟೆ. ಒತ್ತು ಇಲ್ಲದಿದ್ದರೆ ಅವರ ದೊಡ್ಡ ಮೈ ಹಿಂದಕ್ಕೆ ಉರುಳುತ್ತಿತ್ತು.

“ಭೂತಯ್ಯ, ನಿಮ್ಮಲ್ಲಿ ಹೆಣದ ತಲೆ ಯಾವ ಕಡೆಗೆ ಇಡ್ತೀರಿ?”

“ದಕ್ಷಿಣಕ್ಕೆ ಮಾರಾಯ್ರೆ. ಉತ್ತರಕ್ಕೆ ತಲೆ ಹಾಕಿ ಬದುಕಿರೋರೂ ಮಲಗಲ್ಲ.”

“ದೊರೆಗಳು?”

“ಅವರ ಸಮಾಧಿ ಕಂಡಿದೀನಿ. ಅಂಗಾತ ಮಲಗಿಸಿ ಪೆಟ್ಟಿಗೆ ಮುಚ್ತಾರೆ.”

ಸಿದ್ದಬಸಪ್ಪ ನೆಲದ ಮೇಲಿಂದಲೇ ನನ್ನ ಮುಖ ನೋಡಿದರು. ಅವರಿಗೆ ನನಗಿಂತ ಮೊದಲೇ ಹೊಳೆದಿತ್ತೆಂದು ಈಗ ಅನಿಸುತ್ತದೆ.

ವಿಷ ಕುಡಿದು ಬಿದ್ದವನು ಹೀಗೆ ಬೀಳುವುದಿಲ್ಲ. ಯಾರೋ ಅವನನ್ನು ಮಲಗಿಸಿದ್ದರು. ತಲೆ ಉತ್ತರಕ್ಕೆ, ಬಲಮಗ್ಗುಲು, ಮುಖ ಕಾಬಾದ ಕಡೆಗೆ, ಹೊರಳದಂತೆ ಬೆನ್ನಿಗೆ ಒತ್ತು. ನಮ್ಮವರು ಗೋರಿಯೊಳಗೆ ಮಲಗಿಸುವ ರೀತಿ ಅದು. ಮೂರು ತಿಂಗಳ ಹಿಂದೆ ನಾನೇ ಗುಂಡಿಗೆ ಇಳಿದು ನೋಡಿದ್ದೆ. ಅವತ್ತು ಮಳೆಗೆ ಮಣ್ಣೆಲ್ಲ ಕೆಸರಾಗಿತ್ತು, ಒತ್ತು ಕೊಡಲು ಗಟ್ಟಿ ಹೆಂಟೆ ಸಿಗಲಿಲ್ಲ. ಮಹಮೂದಾಳ ತಮ್ಮ ಹಬೀಬುರ್ರಹ್ಮಾನ್ ಒಂದು ಚೀಲದಲ್ಲಿ ಒಣ ಮರಳು ತುಂಬಿ ತಂದು ಅವಳ ಬೆನ್ನಿಗೆ ಇಟ್ಟಿದ್ದ.

ಇದನ್ನೆಲ್ಲ ನಾನು ಮಹಜರಿನಲ್ಲಿ ಬರೆಸಿದ್ದೆ, ದಿಕ್ಕು ಸಮೇತ. ಬರೆಸುವಾಗ ಏನೂ ಅನಿಸಿರಲಿಲ್ಲ. ಈ ಹನ್ನೆರಡು ದಿನ ನಂಜಮ್ಮ ಡಬ್ಬಿ ಹೊತ್ತದ್ದು ನನ್ನ ಆ ಮರಗಟ್ಟಿದ ಕಣ್ಣಿನಿಂದ.

“ಭೂತಯ್ಯ, ಎಸ್ಟೇಟಿನಲ್ಲಿ ನಮ್ಮ ಜನ ಯಾರಿದ್ದಾರೆ?”

“ಯಾರೂ ಇಲ್ಲ ಸಾಹೇಬ್ರೆ. ಪಲ್ಪರ್ ಎಂಜಿನ್ ನೋಡೋಕೆ ಗುರುವಾರ ನಿಮ್ಮ ಭಾಮೈದ ಬರ್ತಾರಲ್ಲ, ಅವರೊಬ್ಬರೇ.”

ದೊರೆ ಸತ್ತದ್ದು ಗುರುವಾರ.

ಅಟ್ಟದ ಮೆಟ್ಟಿಲಿಳಿದು ಹಿತ್ತಿಲ ದಾರಿಯಲ್ಲಿ ಹೊರಟೆವು. ಯಾರ ಕಣ್ಣಿಗೂ ಬೀಳದೆ ಅಟ್ಟಕ್ಕೆ ಬರಲು ಇರುವುದು ಅದೊಂದೇ ದಾರಿ. ಪಲ್ಪರಿನಿಂದ ಬಿದ್ದ ಹಣ್ಣಿನ ಸಿಪ್ಪೆಯ ರಾಶಿಯನ್ನು ತುಳಿದೇ ಬರಬೇಕು. ಕೆಂಪು ಸಿಪ್ಪೆ ಬೆಲ್ಲದ ಪಾಕದಂತೆ ಅಂಟುತ್ತಿತ್ತು. ರಸ್ತೆಗೆ ಬಂದ ಮೇಲೆ ಸಿದ್ದಬಸಪ್ಪ ಒಂದು ಕಡ್ಡಿ ಮುರಿದು, ನಾನು ಬೇಡವೆಂದರೂ ಕೇಳದೆ, ಬಗ್ಗಿ ನನ್ನ ಶೂಗಳ ಸಿಪ್ಪೆ ಕೆರೆದರು.

“ಇದು ಒಣಗಿದ್ರೆ ಬಿಡಲ್ಲ ಸ್ವಾಮಿ,” ಎಂದರು.

ಹಬೀಬನ ಶೆಡ್ಡು ಊರಿನ ಅಂಚಿನಲ್ಲಿ, ಮಲ್ಲಂದೂರು ರಸ್ತೆಗೇ ಇತ್ತು. ಮಧ್ಯಾಹ್ನದ ಬಿಸಿಲು ತಗಡಿನ ಮೇಲೆ ಬಿದ್ದಿತ್ತು. ಅವನು ಒಂದು ಲಾರಿಯ ಕೆಳಗಿದ್ದ. ನನ್ನ ಶೂ ಕಂಡು ಹೊರಗೆ ಜಾರಿ ಬಂದ. ಸಿದ್ದಬಸಪ್ಪ ಬಾಗಿಲಲ್ಲಿ ನಿಂತರು. ಮನೆಯ ಮಾತಿನಲ್ಲಿ ಆಡಬೇಕಾದ್ದನ್ನು ಅವರಿಗೂ ತಿಳಿಯಲೆಂದು ನಾನು ಕನ್ನಡದಲ್ಲೇ ಕೇಳಿದೆ.

“ದೊರೆಯನ್ನು ಕಿಬ್ಲಾದ ಕಡೆ ತಿರುಗಿಸಿ ಮಲಗಿಸಿದ್ದು ನೀನೇ?”

ಹಬೀಬ್ ಕೈ ಒರೆಸಿಕೊಂಡ. ಒಂದೊಂದೇ ಬೆರಳು. “ಹೌದು ದುಲ್ಹಾಭಾಯ್.”

“ಕೊಂದದ್ದೂ?”

“ಇಲ್ಲ. ನಾನು ಮೇಲೆ ಹೋದಾಗ ಏಳೂಕಾಲು. ಮೈ ಇನ್ನೂ ಬೆಚ್ಚಗಿತ್ತು, ಉಸಿರು ಇರ್ಲಿಲ್ಲ. ಬಟ್ಲು ಉರುಳಿತ್ತು. ಮುಖ ನೆಲಕ್ಕೆ ಹಾಕಿ ಬಿದ್ದಿದ್ರು. ಹಾಗೇ ಬಿಟ್ಟು ಬರೋಕೆ ಮನಸ್ಸು ಬರ್ಲಿಲ್ಲ.”

“ಅವನು ನಮ್ಮ ದೀನಿನವನಲ್ಲ.”

“ಗೊತ್ತು. ನನಗೆ ಬೇರೆ ರೀತಿ ಮಲಗಿಸೋಕೆ ಬರಲ್ಲ. ಕೈ ತಾನಾಗೇ ಮಾಡಿತು.”

“ಎಂಜಿನ್ ನೋಡೋಕೆ ಹೋದವನಿಗೆ ಅಟ್ಟದ ಮೇಲೆ ಏನು ಕೆಲಸ?”

ಅವನು ಸಿದ್ದಬಸಪ್ಪನವರ ಕಡೆ ನೋಡಿದ, ನನ್ನ ಕಡೆ ನೋಡಿದ.

“ಅವರು ಇರ್ತಾರೆ. ಹೇಳು,” ಎಂದೆ.

“ಹೋದ ವರ್ಷ ಆಪಾ ಗುರುವಾರ ಗುರುವಾರ ಎಲ್ಲಿಗೆ ಹೋಗ್ತಿದ್ಲು ದುಲ್ಹಾಭಾಯ್?” ಅಕ್ಕನನ್ನು ಅವನು ಆಪಾ ಎನ್ನುತ್ತಿದ್ದ, ಭಾವನಾದ ನನ್ನನ್ನು ದುಲ್ಹಾಭಾಯ್.

“ಗಿರಿಯ ದರ್ಗಾಕ್ಕೆ. ನೀನೇ ಮೋಟಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆಯಲ್ಲ.”

“ಎರಡು ಸಲ ಹೋದ್ವಿ. ಮೂರನೇ ಸಲ ದಾರೀಲಿ ಉಸಿರು ಕಟ್ಟಿತು. ಎಸ್ಟೇಟಿನ ಹತ್ತಿರ ನಿಲ್ಲಿಸ್ದೆ. ದೊರೆ ಹೊರಗೆ ಬಂದ್ರು. ಆಪಾಗೆ ಉಸಿರು ಎಣಿಸೋದು ಕಲಿಸಿದ್ರು. ನಾಲ್ಕು ಎಣಿಸೋವರೆಗೆ ಒಳಗೆ, ನಾಲ್ಕು ಎಣಿಸೋವರೆಗೆ ಹಿಡಿಯೋದು, ನಾಲ್ಕು ಎಣಿಸೋವರೆಗೆ ಹೊರಗೆ. ಆಮೇಲೆ ಏಳು ತಿಂಗಳು ಅಲ್ಲಿಗೇ ಹೋಗ್ತಿದ್ವಿ. ಬುರ್ಖಾ ಹಾಕ್ಕೊಂಡೇ ಪಶ್ಚಿಮದ ಮಣೆ ಮೇಲೆ ಕೂರೋಳು, ಬಟ್ಲಿನ ಮುಂದೆ. ನಾನು ಬಾಗಿಲಲ್ಲಿ ಇರ್ತಿದ್ದೆ. ‘ಇವರು ಜಿಬ್ರಾಯಿಲನ ಹೆಸರು ಹೇಳ್ತಾರೆ ಹಬೀಬ್, ಇಲ್ಲಿ ನಂಗೆ ಉಸಿರಾಡೋಕೆ ಆಗುತ್ತೆ’ ಅನ್ನೋಳು.”

ರಾತ್ರಿ ಹಾಸಿಗೆಯಲ್ಲಿ ಮಹಮೂದಾ ಮೆಲ್ಲಗೆ ಎಣಿಸುತ್ತಿದ್ದಳು. ನಾನು ಪಕ್ಕದಲ್ಲೇ ಮಲಗಿ, ತಸ್ಬೀ ಮಣಿ ಎಣಿಸುತ್ತಿದ್ದಾಳೆ ಎಂದುಕೊಂಡಿದ್ದೆ. ಇಡೀ ಜಿಲ್ಲೆಯ ಕಳ್ಳರ ಜಾಡು ಹಿಡಿಯುವ ಇನ್ಸ್‌ಪೆಕ್ಟರ್. ದೀಪದ ಬುಡದಲ್ಲೇ ಕತ್ತಲೆ.

“ನನಗೆ ಯಾಕೆ ಹೇಳಲಿಲ್ಲ?”

“ನೀವು ಬೇಡ ಅಂತಿದ್ರಿ.”

ನಿಜ. ಬೇಡ ಎನ್ನುತ್ತಿದ್ದೆ. ಆ ಮಾತಿಗೆ ಎದೆಯಲ್ಲಿ ಏನಾದರೂ ಆಗಬೇಕಿತ್ತು. ನಾನು ಕಾದೆ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ಒಸಡಿನಂತೆ ಒಂದು ದಪ್ಪ ಜೋಮು ಮಾತ್ರ ಇತ್ತು.

“ಆಪಾ ಹೋದ ಮೇಲೆ ಆ ಮಣೆ ಮೇಲೆ ಯಾರೂ ಕೂರ್ಲಿಲ್ಲ,” ಎಂದ ಹಬೀಬ್. “ದೊರೆ ಕೂರಿಸ್ಲಿಲ್ಲ. ಬಟ್ಲಿಗೆ ತಾವೇ ಹಿಂದಿನ ದಿನ ನೀರು ತುಂಬಿಡೋರು. ಗುರುವಾರ ನಾನು ಮೇಲೆ ಹೋಗಿ ಒಂದು ನಿಮಿಷ ಆ ಮಣೆ ನೋಡಿ ಬರ್ತಿದ್ದೆ. ಅಷ್ಟೇ ನನ್ನ ಕೆಲಸ.”

“ಹಾಗಾದರೆ ಚನ್ನಕೇಶವ ಪಶ್ಚಿಮದಲ್ಲಿ ಕೂರುತ್ತಲೇ ಇರಲಿಲ್ಲ?”

“ಯಾವತ್ತೂ ಇಲ್ಲ. ಅವನ ಜಾಗ ಪೂರ್ವ. ಆ ದಿನ ಅವನ ಬಿಳಿ ನಿಲುವಂಗಿ ಗೂಟದಲ್ಲೇ ಇತ್ತು, ಮಡಿಕೆ ಬಿಚ್ಚಿರ್ಲಿಲ್ಲ. ಅವನು ಬಂದಿರ್ಲಿಲ್ಲ ದುಲ್ಹಾಭಾಯ್.”

“ಇದನ್ನು ಹನ್ನೆರಡು ದಿನ ಬಾಯೊಳಗೆ ಇಟ್ಟುಕೊಂಡೆಯಾ? ಕಂಡವರ ಮಗನನ್ನು ಬಾವಿಗೆ ತಳ್ಳಿ ಆಳ ನೋಡಿದೆಯಾ?”

ಹಬೀಬ್ ತಲೆ ತಗ್ಗಿಸಿದ. ಆಮೇಲೆ ಮೂಲೆಗೆ ಹೋಗಿ, ಗ್ರೀಸ್ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ, ಬಟ್ಟೆ ಸುತ್ತಿದ ಏನನ್ನೋ ತೆಗೆದ. ಬಟ್ಟೆ ಬಿಚ್ಚಿದ. ಒಂದು ಕಂದು ಬಣ್ಣದ ಸೀಸೆ, ಖಾಲಿ.

“ಪಶ್ಚಿಮದ ಮಣೆ ಮೇಲೆ ಇತ್ತು. ಯಾರೋ ಅಲ್ಲಿ ನೆಟ್ಟಗೆ ಇಟ್ಟು ಹೋಗಿದ್ರು, ಪೂಜೆಗೆ ಇಟ್ಟ ಹಾಗೆ. ಅದನ್ನ ಎತ್ಕೊಂಡು ಹಿತ್ಲ ದಾರೀಲಿ ಇಳಿದು ಬಂದೆ.”

ಸೀಸೆಯ ಮೇಲೆ ಔಷಧಿ ಅಂಗಡಿಯವರು ಅಂಟಿಸಿದ ಚೀಟಿ ಹಾಗೇ ಇತ್ತು. ಕ್ಲೋರಲ್ ಸಿರಪ್. ಮಲಗುವಾಗ ಒಂದು ಚಮಚ. ಕೆಳಗೆ ಶಾಯಿಯಲ್ಲಿ ಹೆಸರು: ಮಹಮೂದಾ ಬೇಗಂ, ಇನ್ಸ್‌ಪೆಕ್ಟರ್ ಗುಲಾಮ್ ಮುಸ್ತಫಾ ಅವರ ಮನೆ.

“ನಲವತ್ತನೇ ದಿನದ ಫಾತಿಹಾದಲ್ಲಿ ಈ ಸೀಸೆ ನಿಮ್ಮ ಕೋಣೆಯ ಗೂಡಿನಲ್ಲಿತ್ತು,” ಎಂದ ಹಬೀಬ್. ದನಿ ತಗ್ಗಿತ್ತು. “ತುಂಬ ಇತ್ತು. ಎಸೆದು ಬರ್ತೀನಿ ಅಂದೆ. ಇರ್ಲಿ ಅಂದ್ರಿ. ಆ ಕೋಣೆಗೆ ಬೀಗ ಹಾಕೋರು ನೀವು, ಕೀ ಇರೋದು ನಿಮ್ಮ ಜೇಬಿನಲ್ಲಿ. ನಿಮಗೆ ಆ ಗುರುವಾರಗಳ ವಿಷಯ ಹೇಗೋ ತಿಳೀತು ಅಂದ್ಕೊಂಡೆ. ತಪ್ಪಾಗಿದ್ರೆ ಬಯ್ರಿ. ಆಪಾ ಹೋದ್ಲು, ನೀವೂ ಹೋಗೋದು ಬೇಡ ಅಂತ ಇಟ್ಕೊಂಡೆ.”

ನಾನು ಬೈಯಲಿಲ್ಲ. ಆ ಗೂಡಿನ ಕಡೆ ಕೊನೆಯ ಸಲ ಯಾವಾಗ ನೋಡಿದೆ ಎಂದು ಯೋಚಿಸಿದೆ. ಗೂಡಿನಲ್ಲಿ ಅವಳ ಬಾಚಣಿಗೆ ಇದೆ, ಸುರ್ಮಾದ ಡಬ್ಬಿ ಇದೆ. ಸೀಸೆ ಇದೆಯೋ ಇಲ್ಲವೋ ಎಂಬುದು ಹೊಳೆಯಲೇ ಇಲ್ಲ. ದಿನಾ ಮಲಗುವ ಕೋಣೆ.

ಆ ಸೀಸೆ ಮತ್ತೆ ಗ್ರೀಸ್ ಡಬ್ಬಿಗೆ ಹೋದರೆ ಯಾರಿಗೂ ತಿಳಿಯುವುದಿಲ್ಲ. ನಾಳೆ ಮಧ್ಯಾಹ್ನ ಚನ್ನಕೇಶವ ಹೋಗುತ್ತಾನೆ. ನಂಜಮ್ಮ ಡಬ್ಬಿ ಹೊತ್ತು ಶಿವಮೊಗ್ಗದ ಬಸ್ಸು ಹುಡುಕುತ್ತಾರೆ, ಕೆಲವು ತಿಂಗಳಾದ ಮೇಲೆ ಡಬ್ಬಿ ಬೇಕಾಗುವುದಿಲ್ಲ.

“ದಫೇದಾರ್ರೇ, ಜಪ್ತಿ ಮಹಜರು ಬರ್ಕೊಳ್ಳಿ,” ಎಂದೆ.

ಸಿದ್ದಬಸಪ್ಪ ಕದಲಲಿಲ್ಲ.

“ಬರ್ಕೊಳ್ಳಿ. ಕಂದು ಸೀಸೆ ಒಂದು. ಚೀಟಿಯಲ್ಲಿ ಇರುವ ಹೆಸರು ಹಾಗೇ ಬರೀಬೇಕು, ನನ್ನ ಹೆಸರು ಸಮೇತ. ಹಬೀಬುರ್ರಹ್ಮಾನ್ ಹೇಳಿದ್ದು, ಚನ್ನಕೇಶವನ ನಿಲುವಂಗಿ ಗೂಟದಲ್ಲಿತ್ತು ಅನ್ನೋದು ಸೇರಿ.”

“ಸ್ವಾಮಿ, ನೀವು ಆ ಬೆಳಿಗ್ಗೆ ಖಬರಸ್ತಾನದಲ್ಲಿ ಇದ್ರಿ. ಅದನ್ನ ಮೊದಲು ಬರೀತೀನಿ.”

“ಯಾರೂ ನೋಡಿಲ್ಲ. ದಿನಾ ಅಲ್ಲಿಗೇ ಹೋಗ್ತೇನೆ, ಅವತ್ತೂ ಹೋಗಿರಬೇಕು.”

“ಹೋಗಿರಬೇಕು,” ಎಂದು ಅವರು ನನ್ನ ಮಾತನ್ನೇ ಮೆಲ್ಲಗೆ ಆಡಿದರು. ಕಾಗದ ಹೊರಗೆ ತೆಗೆದು, ಲಾರಿಯ ಬಾನೆಟ್ಟಿನ ಮೇಲೆ ಹಾಸಿ, ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿದರು. ಒಂದು ಸಾಲು ಬರೆದರು. ನಿಂತರು.

“ಏನು?”

ಅವರು ತಲೆ ಎತ್ತಲಿಲ್ಲ. “ಆ ಗುರುವಾರ ಭೂತಯ್ಯ ಸ್ಟೇಷನ್ನಿಗೆ ಬಂದ ಮೇಲೆ ನಿಮ್ಮನ್ನ ಕರೆಯೋಕೆ ಮನೆಗೆ ನಾನೇ ಬಂದಿದ್ದೆ ಸ್ವಾಮಿ. ಒಂಬತ್ತು ಗಂಟೆ. ನೀವು ಜಗುಲಿ ಮೇಲೆ ಕೂತಿದ್ರಿ, ಶೂ ಬಿಚ್ಚಿ ಪಕ್ಕಕ್ಕೆ ಇಟ್ಟಿದ್ರಿ. ನೀವು ಕೋಟು ಹಾಕ್ಕೊಳ್ಳೋಕೆ ಒಳಗೆ ಹೋದಾಗ ನಾನು ಶೂ ಒರೆಸಿಟ್ಟೆ.”

“ಅದಕ್ಕೇನೀಗ?”

“ಶೂ ಅಡಿಗೆಲ್ಲ ಕೆಂಪು ಸಿಪ್ಪೆ ಅಂಟಿತ್ತು. ಖಬರಸ್ತಾನದ ದಾರೀಲಿ ಕಾಫಿ ಸಿಪ್ಪೆ ಎಲ್ಲಿಂದ ಬರುತ್ತೆ ಸ್ವಾಮಿ?”

ಹಬೀಬ್ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಹೊರಗೆ ರಸ್ತೆಯಲ್ಲಿ ಕಾಫಿ ಮೂಟೆ ಹೇರಿದ ಗಾಡಿಯೊಂದು ಹೋಯಿತು. ಆ ಬೆಳಗನ್ನು ನೆನಪಿಗೆ ತರಲು ನಾನು ನೋಡಿದೆ. ನಮಾಜಿನ ಚಾಪೆ ನೆನಪಿತ್ತು. ಜಗುಲಿ ನೆನಪಿತ್ತು. ನಡುವೆ ಏನೂ ಇರಲಿಲ್ಲ.

“ಅದನ್ನೂ ಬರ್ಕೊಳ್ಳಿ,” ಎಂದೆ.